ಕಚ್ಚಿದರೂ ಸರಿ, ನಕ್ಷತ್ರ ಕಾಣಲಿ

ಕಾನ್ವರ್ಸ್ ಆಲ್ ಸ್ಟಾರ್ 1917ರಲ್ಲಿ ಅಮೆರಿಕದಲ್ಲಿ ಹುಟ್ಟಿದ್ದು ಬ್ಯಾಸ್ಕೆಟ್‌ಬಾಲ್ ಆಡುವವರಿಗಾಗಿ. ಹರಡು ಮುಚ್ಚುವ ಕ್ಯಾನ್ವಾಸು, ಅಡಿಗೆ ಹಲಗೆಯಂಥ ರಬ್ಬರು, ಪಕ್ಕದಲ್ಲೊಂದು ನಕ್ಷತ್ರ. 1962ರಲ್ಲಿ ವಿಲ್ಟ್ ಚೇಂಬರ್ಲೇನ್ ಒಂದೇ ಪಂದ್ಯದಲ್ಲಿ 100 ಪಾಯಿಂಟ್ ಬಾರಿಸಿದ್ದು ಇದನ್ನೇ ಮೆಟ್ಟಿ. ಮುಂದೆ ಮೆತ್ತನೆಯ ಶೂಗಳು ಬಂದದ್ದೇ ತಡ, ಆಟಗಾರರು ಇದನ್ನು ಕಳಚಿಟ್ಟು ಓಡಿದರು. ಓಡುವವರು ಬಿಟ್ಟದ್ದನ್ನು ಸುಮ್ಮನೆ ನಿಲ್ಲುವವರು ಎತ್ತಿಕೊಂಡರು: ಗಿಟಾರ್ ಹಿಡಿದವರು, ಕಾಲೇಜು ಕಟ್ಟೆಯ ಖಾಯಂ ಸದಸ್ಯರು, ಸೂಟಿನ ಕೆಳಗೂ ಯೌವನ ತೋರಿಸಲೇಬೇಕಾದ ಮಧ್ಯವಯಸ್ಕರು.

ಈ ಶೂ ಕಚ್ಚಿ ಹಿಮ್ಮಡಿಗೆ ಬ್ಯಾಂಡೇಜ್ ಪಟ್ಟಿ ಅಂಟಿಸಿಕೊಂಡವರನ್ನು ಕೇಳಿ ನೋಡಿ. “ಹಾಕ್ತಾ ಹಾಕ್ತಾ ಅಡ್ಜಸ್ಟ್ ಆಗುತ್ತೆ” ಅನ್ನುತ್ತಾರೆ. ಯಾವುದು ಯಾವುದಕ್ಕೆ ಅಂತ ಮಾತ್ರ ಹೇಳುವುದಿಲ್ಲ. ಕ್ಯಾನ್ವಾಸು ಕೊಂಚ ಸಡಿಲವಾಗಬಹುದು. ಉಳಿದ ಹೊಂದಾಣಿಕೆಯೆಲ್ಲ ಕಾಲಿನದೇ.

2015ರಲ್ಲಿ ಕಂಪನಿಗೇ ಕರುಣೆ ಉಕ್ಕಿತು. 2003ರಲ್ಲಿ ತನ್ನನ್ನು ಕೊಂಡುಕೊಂಡ ನೈಕಿಯ ಲೂನಾರ್‌ಲಾನ್ ಮೆತ್ತೆಯನ್ನು ಒಳಗಿಟ್ಟು, ನಾಲಿಗೆಗೂ ದಪ್ಪ ಪ್ಯಾಡ್ ಕೊಟ್ಟು, ‘ಚಕ್ 2’ ಎಂದು ಅಂಗಡಿಗೆ ಬಿಟ್ಟಿತು. ಹೊರಗಿಂದ ಹೆಚ್ಚುಕಡಿಮೆ ಅದೇ ಶೂ, ಒಳಗೆ ಕಾಲಿಗೆ ಮರ್ಯಾದೆ. ದಶಕಗಳಿಂದ ಅಂಗಾಲು ಹಿಡಿದು ಗೊಣಗಿದವರೆಲ್ಲ ಮುಗಿಬೀಳಬೇಕಿತ್ತು. ಬೀಳಲಿಲ್ಲ. ಹೊಸದು ರಿಯಾಯಿತಿ ದರಕ್ಕಿಳಿಯಿತು, ಹಳೆಯದು ಹಳೆಯ ಗತ್ತಿನಲ್ಲೇ ಮಾರಾಟವಾಗುತ್ತ ಹೋಯಿತು. ಪಾಪ, ಗಿರಾಕಿ ದೂರುತ್ತಿದ್ದಾನೆಂದು ಕಂಪನಿ ತಿಳಿದಿತ್ತು; ಅವನು ಜಂಭ ಕೊಚ್ಚುತ್ತಿದ್ದ. ನೋಯದ ಶೂ ಯಾರು ಬೇಕಾದರೂ ಹಾಕಿಕೊಳ್ಳುತ್ತಾರೆ, ವಾಕಿಂಗ್ ಹೋಗುವ ನಿವೃತ್ತ ಹೆಡ್‌ಮಾಸ್ಟರೂ ಹಾಕಿಕೊಳ್ಳುತ್ತಾರೆ. ಅವರ ಸಾಲಿನಲ್ಲಿ ನಿಲ್ಲುವುದಕ್ಕಿಂತ ಗುಳ್ಳೆಯೇ ವಾಸಿ.

ಹೊಸ್ತಿಲಾಚೆಯೇ ಪಾದರಕ್ಷೆ ಬಿಡುವ ನಮ್ಮ ಮನೆಗಳಲ್ಲಿ ಈ ಗತ್ತಿಗೆ ಬಡ್ಡಿಯೂ ಸೇರುತ್ತದೆ. ಸತ್ಯನಾರಾಯಣ ಪೂಜೆಗೆ ಬಂದ ಹುಡುಗ ಮೆಟ್ಟಿಲ ಮೇಲೆ ಕೂತು ಒಂದೊಂದೇ ತೂತಿನಿಂದ ಲೇಸ್ ಸಡಿಲಿಸುತ್ತಿರುತ್ತಾನೆ. ಹವಾಯಿ ಚಪ್ಪಲಿಯ ಮಾವ ಬರುತ್ತಾರೆ, ಕಾಲು ಕೊಡವುತ್ತಾರೆ, ಒಳಗೆ ಹೋಗಿ ಮಂಗಳಾರತಿ ತೆಗೆದುಕೊಳ್ಳುತ್ತಾರೆ, ಸಪಾದ ಭಕ್ಷ್ಯ ಬಾಯಿಗೆ ಹಾಕಿಕೊಂಡು ಹೊರಗೆ ಬಂದು, “ಇನ್ನೂ ಇಲ್ಲೇ ಇದೀಯೇನೋ?” ಅನ್ನುತ್ತಾರೆ. ಆಗ ಎರಡನೇ ಕಾಲಿನ ಸರದಿ.

ಇಷ್ಟಾದರೂ ಅಮೆರಿಕದ ಸುಂಕದ ಕಟ್ಟೆಯಲ್ಲಿ ಈ ಶೂವಿನ ಗುರುತೇ ಬೇರೆ. ಅಟ್ಟೆಯ ಅಡಿಗೆ ತೆಳ್ಳಗೆ ನಯವಾದ ನಾರಿನ ಲೇಪ ಕೊಟ್ಟರೆ ಕಾನೂನಿನ ಕಣ್ಣಿಗೆ ಅದು ಮನೆಯೊಳಗೆ ಮೆಟ್ಟುವ ಮೆತ್ತನೆಯ ಚಪ್ಪಲಿಗಳ ಜಾತಿಗೆ ಸೇರುತ್ತದೆ, ಆಮದು ಸುಂಕ ಇಳಿಯುತ್ತದೆ. ಕಂಪನಿ ಆ ಲೇಪ ಕೊಟ್ಟಿತು. ಒಳಗೆ ಕಾಲಿಗೆ ಸಿಗದ ಮೆತ್ತೆ ಹೊರಗೆ ರಸ್ತೆಗೆ ಸಿಕ್ಕಿತು. ನಾಲ್ಕು ದಿನ ಓಡಾಡಿದರೆ ಸವೆದುಹೋಗುತ್ತದೆ, ನಿಜ. ಆದರೆ ಅಷ್ಟರಲ್ಲಿ ಹಡಗಿನಿಂದ ಸರಕು ಇಳಿದು, ಬಿಲ್ಲೂ ಆಗಿರುತ್ತದೆ.