ಮೂಗಿನ ಜಿಡ್ಡು

ಅಕ್ಕ ಅವನ್ನು ಕೋಲು ಅನ್ನುತ್ತಾಳೆ. "ಇವರ ಕೋಲಿಗೆ ಜಾಗ ಸಾಲದೆ ಕಾರು ಮಳೆಯಲ್ಲಿ ನಿಂತಿದೆ" ಎಂದು ಫೋನಿನಲ್ಲಿ ಹೇಳಿದಾಗ ಭಾವನಿಗೆ ಊರುಗೋಲು ಹಿಡಿಯುವ ವಯಸ್ಸಾಯಿತೇ ಎಂದು ಸಂಕಟಪಟ್ಟಿದ್ದೆ. ಪೆನ್ಸಿಲ್ವೇನಿಯಾದ ಸ್ಟೇಟ್ ಕಾಲೇಜಿಗೆ ಹೋಗಿ ನೋಡಿದರೆ ಗರಾಜಿನ ತುಂಬ ಉದ್ದುದ್ದ ಕೊಳವೆಗಳು. ಕೊಳವೆಯೊಳಗೆ ಬಟ್ಟೆಯ ಚೀಲ, ಚೀಲದೊಳಗೆ ಎರಡು ತುಂಡಾಗಿ ಮಲಗಿದ ಮೀನು ಹಿಡಿಯುವ ರಾಡು. ಎಲ್ಲವೂ ಫೈಬರ್‌ಗ್ಲಾಸಿನವು, ಹೆಚ್ಚಿನವು ನನಗಿಂತ ಹಿರಿಯವು.

ಹಳೇ ರೇಡಿಯೋ, ಹಳೇ ಸ್ಕೂಟರು ಕೂಡಿಡುವವರನ್ನು ನೀವು ನೋಡಿರುತ್ತೀರಿ. ಪಾಪ, ಅವರು ತೋರಿಸಿ ಸುಮ್ಮನಾಗುತ್ತಾರೆ. ಗಾಜಿನ ರಾಡಿನವರು ಕೈಗೇ ಕೊಟ್ಟು "ಅಲ್ಲಾಡಿಸು" ಅನ್ನುತ್ತಾರೆ, ಆಮೇಲೆ ಮುಖ ನೋಡುತ್ತಾರೆ. ಮೊದಲನೆಯದಕ್ಕೆ "ಚೆನ್ನಾಗಿ ಬಾಗುತ್ತೆ" ಅಂದೆ. ಭಾವನಿಗೆ ಖುಷಿಯೋ ಖುಷಿ. ಎರಡನೆಯದಕ್ಕೂ ಅದನ್ನೇ ಅಂದೆ. "ಎಲ್ಲಿಂದ ಬಾಗುತ್ತೆ ಹೇಳು?" ಅಂದರು. ಬಾಯಿಪರೀಕ್ಷೆಗೆ ಕೂತಂತಾಯಿತು. ಹನ್ನೊಂದನೆಯದರ ಹೊತ್ತಿಗೆ ಅಡುಗೆಮನೆಯಿಂದ ಅಕ್ಕ "ಫ್ಯಾನು! ಫ್ಯಾನು!" ಎಂದು ಕೂಗಿದಳು.

ಚರಿತ್ರೆ ಊಟದ ಜೊತೆ ಬಂತು. ಮೊದಲು ಒಳ್ಳೆಯ ರಾಡೆಲ್ಲ ಚೀನಾದ ಟಾಂಕಿನ್ ಬಿದಿರಿನವು. 1950ರಲ್ಲಿ, ಕೊರಿಯಾ ಯುದ್ಧದ ಕಾಲಕ್ಕೆ, ಅಮೆರಿಕ ಚೀನಾದ ಸರಕು ನಿಲ್ಲಿಸಿತು, ಬಿದಿರಿಗೆ ತತ್ವಾರ. ಅಷ್ಟರಲ್ಲಾಗಲೇ ಬಂದಿದ್ದ ಗಾಜಿನ ನಾರಿನ ರಾಡಿಗೆ ಅದೃಷ್ಟ ಖುಲಾಯಿಸಿತು. ಶೇಕ್ಸ್‌ಪಿಯರ್ ಕಂಪನಿಯ ಬಿಳಿ ವಂಡರಾಡ್, ಡೆನ್ವರಿನ ಫಿಲಿಪ್ಸನ್, ಫೆನ್ವಿಕ್. 1970ರ ದಶಕದಲ್ಲಿ ಗ್ರಾಫೈಟ್ ಬಂದು ಇವನ್ನೆಲ್ಲ ಅಟ್ಟಕ್ಕೆ ಹಾಕಿತು. ಗ್ರಾಫೈಟ್ ಅನ್ನುವಾಗ ಭಾವನ ದನಿ, ನಮ್ಮೂರಲ್ಲಿ ಗದ್ದೆ ಮಾರಿ ಸೈಟು ಮಾಡಿದವರ ಹೆಸರು ಹೇಳುವಾಗಿನ ದನಿ.

"ತೀರ್ಥಹಳ್ಳಿಯಲ್ಲಿ ನಿಮ್ಮನೆ ಹಿಂದೇನೇ ಬಿದಿರು ಮೆಳೆ ಇತ್ತಲ್ಲ ಭಾವ, ತುಂಗೆಯಲ್ಲಿ ಅದರಲ್ಲೇ ಹಿಡೀತಿದ್ರಲ್ಲ?" ಅಂದೆ.

"ಅದು ಗಾಳ, ಮಾರಾಯ."

ಹಾಗಾದರೆ ಇದೇನು ಎಂದು ಕೇಳಲು ಧೈರ್ಯ ಸಾಲಲಿಲ್ಲ.

ಮರುದಿನ ಸಂಜೆ ಸ್ಪ್ರಿಂಗ್ ಕ್ರೀಕ್ ಹೊಳೆಗೆ. ಮೇ ತಿಂಗಳು, ಸಲ್ಫರ್ ಎನ್ನುವ ಹಳದಿ ಹುಳ ನೀರಿಂದ ಏಳುವ ಕಾಲ. ಹೊರಡುವಾಗ ಮಸಾಲೆ ಅರೆದಿಡು ಅಂದಿದ್ದಕ್ಕೆ ಅಕ್ಕ ನಕ್ಕಳು. ಯಾಕೆಂದು ಹೊಳೆಯ ದಡದಲ್ಲಿ ತಿಳಿಯಿತು. ನೀರಿಗೆ ವಿಷದ ರಾಸಾಯನಿಕ ಸೇರಿತ್ತೆಂದು 1982ರಲ್ಲಿ ಅಲ್ಲಿನ ಮೀನನ್ನು ಮನೆಗೊಯ್ಯುವುದು ನಿಲ್ಲಿಸಿದರಂತೆ, ಆ ನಿಯಮ ಇನ್ನೂ ಇದೆ. ಮೀನು ಸುಖವಾಗಿ ಹೆಚ್ಚಿವೆ. ಹಿಡಿಯಬೇಕು, ನೋಡಬೇಕು, ಬಿಡಬೇಕು.

ಅದಕ್ಕೂ ಮೊದಲು ಮೂಗು. ಹಳೇ ರಾಡಿನ ತುಂಡುಗಳು ಒಂದರೊಳಗೊಂದು ಕೂರುವುದು ಲೋಹದ ಫೆರೂಲಿನಲ್ಲಿ. ಭಾವ ಅದರ ಗಂಡು ತುದಿಯನ್ನು ಮೂಗಿನ ಹೊಳ್ಳೆಯ ಪಕ್ಕಕ್ಕೆ ಒತ್ತಿ, ಗಂಧ ತೇಯುವ ಶ್ರದ್ಧೆಯಿಂದ ತಿರುಗಿಸಿದರು. ಮೂಗಿನ ಜಿಡ್ಡು ತಾಗಿದರೆ ಕೂಡಿಸುವುದೂ ಸಲೀಸು, ಬಿಚ್ಚುವುದೂ ಸಲೀಸು. ಇದು ಭಾವನ ಆವಿಷ್ಕಾರವಲ್ಲ, ಇಲ್ಲಿನ ಅಜ್ಜಂದಿರ ಕಾಲದಿಂದ ಬಂದ ಪದ್ಧತಿ. "ನೀನೂ ಹಚ್ಚು" ಎಂದು ಒಂದು ವಂಡರಾಡ್ ಕೊಟ್ಟರು. ನಾನು ಆಗಷ್ಟೇ ಸೋಪು ಹಾಕಿ ಮುಖ ತೊಳೆದು ಬಂದಿದ್ದೆ. ಹೇಳಲಿಲ್ಲ.

ಗಾಜು ಹಿಡಿಯ ತನಕ ಬಾಗುತ್ತದೆ. ಹಿಂದಕ್ಕೆ ಬೀಸಿದ ದಾರ ಪೂರ್ತಿ ನೆಟ್ಟಗಾಗುವವರೆಗೆ ಕಾಯದಿದ್ದರೆ ಅಷ್ಟೂ ತಲೆಯ ಮೇಲೆ. "ತಡಿ... ತಡಿ... ಈಗ" ಅನ್ನುತ್ತಿದ್ದರು ಭಾವ. ಮದುವೆಮನೆಯಲ್ಲಿ ಎರಡನೇ ಪಂಕ್ತಿಗೆ ಕಾಯಲಾರದ ಮನುಷ್ಯ! ಅವರಿಗೆ ಆರು ಟ್ರೌಟ್ ಸಿಕ್ಕವು, ನನಗೆ ಒಂದು ಮರ ಮತ್ತು ನನ್ನದೇ ಟೋಪಿ. ಕೈ ಒದ್ದೆ ಮಾಡಿಕೊಂಡು ನೀರಲ್ಲೇ ಹಿಡಿದು ತೋರಿಸಿದರು: ಬೆಣ್ಣೆ ಬಣ್ಣದ ಹೊಟ್ಟೆ, ಮೈಮೇಲೆ ಕುಂಕುಮದ ಚುಕ್ಕೆ. ನನ್ನ ಕಣ್ಣಿಗೆ ರವೆ ಹಚ್ಚಿಕೊಂಡು ಸಿದ್ಧವಾದಂತೆ ಕಂಡಿತು. ಬಿಟ್ಟೇಬಿಟ್ಟರು.

ಕತ್ತಲಾಯಿತು. ನನ್ನ ರಾಡು ಬಿಚ್ಚಲಿಲ್ಲ. ಭಾವ ಎಳೆದರು, ನಾನು ಎಳೆದೆ, ಇಬ್ಬರೂ ಸೇರಿ ಎಳೆದೆವು. ಕೊನೆಗೆ ಶಾಸ್ತ್ರೋಕ್ತ ವಿಧಾನ: ಕುಕ್ಕರಗಾಲಲ್ಲಿ ಕೂತು, ರಾಡನ್ನು ಮಂಡಿಯ ಹಿಂದೆ ಅಡ್ಡ ಇಟ್ಟು, ಎರಡೂ ಕೈಯಲ್ಲಿ ಬಿಗಿಹಿಡಿದು ಮಂಡಿ ಅಗಲಿಸುವುದು. ನಾಯಿಯೊಡನೆ ಬಂದ ಹೆಂಗಸೊಬ್ಬಳು, ಮಬ್ಬುಗತ್ತಲಲ್ಲಿ ಕೂತು ಮುಲುಗುತ್ತಿದ್ದ ನಮ್ಮನ್ನು ಕಂಡು ನಾಯಿಯ ಹಗ್ಗ ಗಿಡ್ಡ ಮಾಡಿಕೊಂಡಳು. ಬಿಚ್ಚಲಿಲ್ಲ. ಎಂಟಡಿ ರಾಡನ್ನು ಹಾಗೇ ಕಾರಿನೊಳಗೆ ಓರೆಯಾಗಿ ತೂರಿಸಿದರು. ನಾನು ಹತ್ತಿ ಬಾಗಿಲು ಎಳೆದುಕೊಂಡೆ.

ಟಕ್.

ಭಾವ ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ದಾರಿಯುದ್ದಕ್ಕೂ ಒಂದೇ ಮಾತು: "ನಾಲ್ಕಂಗುಲ ಅಷ್ಟೇ ಹೋಗಿದ್ದು." ಮರುದಿನದಿಂದ ನನ್ನ ಪಾಲಿಗೆ ಈಗಲ್ ಕ್ಲಾದವರ ಹಳದಿ ರಾಡು. ಅದು ಈಗಲೂ ಹೊಸದಾಗಿ ಅಂಗಡಿಯಲ್ಲಿ ಸಿಗುತ್ತದೆ.

ಶನಿವಾರ ಬೆಳಗ್ಗೆ ಗರಾಜ್ ಸೇಲ್ ಸುತ್ತಾಟ. ಒಂದು ಮನೆಯ ಮುಂದೆ ಮೇಜು ಹಾಕಿಕೊಂಡು ಅಜ್ಜಿಯೊಬ್ಬರು ಕೂತಿದ್ದರು. ಪಿಂಗಾಣಿ ತಟ್ಟೆ, ಟೋಸ್ಟರು, ಮೂಲೆಯಲ್ಲೊಂದು ಕೊಳವೆ. ಭಾವನಿಗೆ ಮೊದಲು ಕಂಡದ್ದು ಕೊಳವೆ. ಒಳಗೆ ಕಂದು ಬಣ್ಣದ ರಾಡು, ಹಿಡಿಯ ಮೇಲ್ಗಡೆ ಬಿಳಿ ಮಸಿಯಲ್ಲಿ ಬರೆದ ಒಂದು ಹೆಸರು.

"ನಮ್ಮವರದು. ಐದು ಡಾಲರ್ ಕೊಡಿ" ಅಂದರು ಅಜ್ಜಿ.

ಭಾವ ಮೂಗಿಗೆ ಹಚ್ಚಿ ಜೋಡಿಸಿದರು. ಈಗ ಕಾಲು ಗಂಟೆ ಅಲ್ಲಾಡಿಸುತ್ತಾರೆ ಎಂದು ನಾನು ಕುರ್ಚಿ ಹುಡುಕುತ್ತಿದ್ದೆ. ಅವರು ಅದನ್ನು ಅಜ್ಜಿಯ ಕೈಗೆ ಕೊಟ್ಟರು. ಅಜ್ಜಿ ಕೂತಲ್ಲೇ ಒಮ್ಮೆ ಹಿಂದಕ್ಕೆ ಬೀಸಿ, ತಡೆದು, ಮುಂದಕ್ಕೆ ತಂದರು. ದಾರವೇ ಇರಲಿಲ್ಲ, ಆದರೂ ತಡೆದದ್ದು ಸರಿಯಾಗಿ ಅಷ್ಟೇ ಹೊತ್ತು. ಭಾವ ಐವತ್ತರ ನೋಟು ಕೊಟ್ಟು, ಚಿಲ್ಲರೆಗೆ ನಿಲ್ಲದೆ ಬಂದುಬಿಟ್ಟರು.

"ನಮ್ಮ ಹುಡುಗರು ಐದಕ್ಕೂ ಕೊಡ್ತಾರೆ, ನೋಡ್ತಿರು" ಅಂದರು ಕಾರಿನಲ್ಲಿ. ಸ್ವಲ್ಪ ಹೊತ್ತು ಬಿಟ್ಟು, "ನಿಮ್ಮಕ್ಕನಿಗೆ ಐದು ಅಂತಲೇ ಹೇಳು, ಮಾರಾಯ."

ಐದು ಅಂತಲೇ ಹೇಳಿದೆ. ಅಕ್ಕ ನನ್ನ ಮುಖ ನೋಡಿದಳು, ಗಂಡನ ಮುಖ ನೋಡಿದಳು, "ಐವತ್ತಾ?" ಅಂದಳು. ಯಾರೂ ಮಾತಾಡಲಿಲ್ಲ. ಕೈಯಲ್ಲಿದ್ದ ಸೌಟು ಕೆಳಗಿಟ್ಟು, ಹೋಗಿ ಗರಾಜಿನ ದೀಪ ಹಾಕಿದಳು.