ಐವತ್ತು ಜನರ ಮದುವೆಯಲ್ಲಿ ಕೀಬೋರ್ಡಿನವನು

ಈ ಕಡೆ ಆರ್ಕೆಸ್ಟ್ರಾ ಎಂದರೆ ಪಿಟೀಲುಗಳ ಸಾಲು, ಕೋಲು ಬೀಸುವ ಸೂಟುಧಾರಿ ಅಲ್ಲ. ಒಂದು ಕೀಬೋರ್ಡು, ಒಂದು ರಿದಮ್ ಪ್ಯಾಡು, ರಾಜ್‌ಕುಮಾರ್ ದನಿ ತೆಗೆಯುವ ಒಬ್ಬ ಗಾಯಕ, ಅರ್ಧ ಗಂಟೆ ‘ಹಲೋ, ಮೈಕ್ ಚೆಕ್’. ಹೊಸಪೇಟೆಯ ಗಣೇಶನಿಗೂ ಕಂಪ್ಲಿಯ ಮದುವೆಗೂ ಸಂಡೂರಿನ ಜಾತ್ರೆಗೂ ಅದೇ ರಸಮಂಜರಿ.

ಆಮೇಲೆ ಕೊರೊನಾ ಬಂತು. 2020ರ ಮಾರ್ಚ್ 22ರಂದು, ಜನತಾ ಕರ್ಫ್ಯೂ ದಿನ, ಸಂಜೆ ಐದಕ್ಕೆ ಊರಿಗೂರೇ ತಟ್ಟೆ ಬಡಿಯಿತು. ತಾಳ ತಪ್ಪಿದ್ದನ್ನು ಬಿಟ್ಟರೆ, ಅಷ್ಟು ದೊಡ್ಡ ವಾದ್ಯಮೇಳವನ್ನು ಹಂಪಿ ಉತ್ಸವವೂ ಕಂಡಿರಲಿಲ್ಲ. ಮೂರೇ ದಿನಕ್ಕೆ ಲಾಕ್‌ಡೌನ್. ನಿಜವಾದ ವಾದಕರು ಮನೆ ಸೇರಿದರು.

ಆಮೇಲೆ ಮದುವೆಗೆ ಐವತ್ತೇ ಜನ ಎಂಬ ನಿಯಮ ಬಂತು. ಬೀಗರನ್ನು ಬಿಡುವುದೋ, ಕೀಬೋರ್ಡಿನವನನ್ನೋ? ಹೇಳಬೇಕೇ! ಕ್ಲಾರಿಯೊನೆಟ್ ಊದುವವನ ಪಾಡು ಇನ್ನೂ ವಿಚಿತ್ರ: ಮಾಸ್ಕ್ ಹಾಕಿದರೆ ಊದುವಂತಿಲ್ಲ, ಊದಿದರೆ ಮಾಸ್ಕ್ ನಿಲ್ಲುವಂತಿಲ್ಲ. 2021ರಲ್ಲಿ ಸರ್ಕಾರ ಕಲಾವಿದರಿಗೆ 3,000 ರೂಪಾಯಿ ಘೋಷಿಸಿತು. ಆಂಪ್ಲಿಫೈಯರ್ ರಿಪೇರಿಯೋ, ಅಕ್ಕಿಯೋ? ಇಂಥ ಸ್ಪರ್ಧೆಯಲ್ಲಿ ಅಕ್ಕಿಯೇ ಗೆಲ್ಲುವುದು.

ಲಾಕ್‌ಡೌನ್ ಬಂದರೂ ವ್ಯತ್ಯಾಸವೇ ತಿಳಿಯದವು ಎಂದರೆ ಹಂಪಿಯ ವಿಜಯ ವಿಠ್ಠಲ ಗುಡಿಯ ಸಂಗೀತದ ಕಂಬಗಳು. ಹಾಳಾಗದಿರಲೆಂದು ಅವನ್ನು ಬಡಿಯುವುದಕ್ಕೆ ಮೊದಲೇ ನಿಷೇಧವಿದೆ. ಲಾಕ್‌ಡೌನ್‌ನಲ್ಲಿ ಅವೇ ಹಿರಿಯರು.

ನಿರ್ಬಂಧಗಳು ತೆರವಾದ ಮೇಲೆ, 2023ರ ಜನವರಿ 27ರಿಂದ 29ರವರೆಗೆ, ಹೊಸ ವಿಜಯನಗರ ಜಿಲ್ಲೆಯಲ್ಲಿ, ಹಂಪಿ ಉತ್ಸವ ಮೂರು ದಿನ ಗದ್ದಲವಾಗಿಯೇ ನಡೆಯಿತು. ಮುಂಬೈಯಿಂದ ಕೈಲಾಶ್ ಖೇರ್ ಬಂದು ಹಾಡಿದರು. ಅಂಥವರನ್ನು ಉತ್ಸವದವರು ಕರೆಸಲಿ. ಓಣಿಯ ಗಣೇಶನಿಗೆ ಊರಿನ ಕೀಬೋರ್ಡಿನವನೇ ಸಾಕು. ಕರೆಯುವುದಾದರೆ ಮುಂಗಡ ಮಾತ್ರ ಕೈಗೇ ಕೊಟ್ಟುಬಿಡಿ.