ಕ್ರಿಕೆಟ್ ನೋಡುವ ನಾಸ್ತಿಕ

ಕ್ರಿಕೆಟ್ ನೋಡುವ ನಾಸ್ತಿಕ ಬೆಂಗಳೂರು, ಮೈಸೂರುಗಳ ಹಳೆಯ ಬಡಾವಣೆಗಳಲ್ಲಿ ಹೇರಳವಾಗಿಯೂ ಉಳಿದ ಊರುಗಳಲ್ಲಿ ಬೀದಿಗೊಬ್ಬನಂತೆಯೂ ಸಿಗುವ ಬಗೆ. ಮಾಮೂಲಿ ನಾಸ್ತಿಕನಿಂದ ಈತನನ್ನು ಬೇರೆ ಮಾಡಿ ಗುರುತಿಸುವುದು ಸುಲಭ. ಜಗತ್ತನ್ನು ದೇವರು ಸೃಷ್ಟಿಸಿದನೋ ಇಲ್ಲವೋ ಎಂಬುದು ಮಾಮೂಲಿ ನಾಸ್ತಿಕನ ತಲೆನೋವು. ಹತ್ತೊಂಬತ್ತನೇ ಓವರಿನಲ್ಲಿ ದೇವರು ಕೈಯಾಡಿಸಿದನೋ ಇಲ್ಲವೋ ಎಂಬುದಷ್ಟೇ ಈತನದು. ಸೃಷ್ಟಿಯ ವಿಷಯದಲ್ಲಿ ಬೇಕಾದರೆ ಒಂದಿಷ್ಟು ರಿಯಾಯಿತಿ ಕೊಟ್ಟಾನು, ಸ್ಲಾಗ್ ಓವರುಗಳ ವಿಷಯದಲ್ಲಿ ಮಾತ್ರ ಸುತರಾಂ ಕೊಡುವುದಿಲ್ಲ.

ವಯಸ್ಸು ಐವತ್ತರ ಮೇಲೆ. ನಿವೃತ್ತಿ ಆಗಿರುತ್ತದೆ ಅಥವಾ ಹತ್ತಿರ ಬಂದಿರುತ್ತದೆ. ಬ್ಯಾಂಕು, ಕಾರ್ಖಾನೆ, ಇಲ್ಲವೇ ಪಿಯು ಕಾಲೇಜಿನ ಗಣಿತ ವಿಭಾಗ. ಬಸವನಗುಡಿಯವನಾದರೆ ನ್ಯಾಷನಲ್ ಕಾಲೇಜಿನಲ್ಲಿ ಓದಿರುತ್ತಾನೆ, ಎಚ್. ನರಸಿಂಹಯ್ಯನವರ ಹೆಸರು ದಿನಕ್ಕೊಮ್ಮೆಯಾದರೂ ಬಾಯಲ್ಲಿ ಬರುತ್ತದೆ. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳ ತನಿಖೆಗೆಂದೇ ಒಂದು ಸಮಿತಿ ಮಾಡಿದ್ದರು. ಅದರ ಕೆಲಸ ಇನ್ನೂ ಮುಗಿದಿಲ್ಲ, ತನ್ನ ಹಾಲ್‌ನ ಸೋಫಾದ ಮೇಲಿಂದ ಅದು ಮುಂದುವರಿಯುತ್ತಿದೆ ಎಂಬುದು ಈತನ ಒಳಗಿನ ನಂಬಿಕೆ. ಕಡತವೂ ಇದೆ: ಬ್ಯಾಂಕಿನವರು ಹೊಸ ವರ್ಷಕ್ಕೆ ಕೊಟ್ಟ ಡೈರಿ.

ಈತ ಬದುಕಲು ಆಸ್ತಿಕರು ಬೇಕೇ ಬೇಕು. ಇಂಥವರು ಇಬ್ಬರು ಸೇರಿ ಪಂದ್ಯ ನೋಡಿದರೆ ಮೂರನೇ ಓವರಿಗೆ ಮಾತು ನಿಂತುಹೋಗುತ್ತದೆ. ಅದಕ್ಕೇ ಪಕ್ಕದ ಮನೆಯವರು, ಹೆಂಡತಿ, ಹೆಂಡತಿಯ ತಮ್ಮ, ಅತ್ತೆ ಮುಂತಾದ ನಂಬಿಗಸ್ತರ ನಡುವೆಯೇ ಈತನ ವಾಸ. ಈ ಜನ ದೇವರೊಂದಿಗೆ ಇಟ್ಟುಕೊಂಡಿರುವ ಸಲಿಗೆ ಕಂಡರೆ ಈತನಿಗೆ ಮೈಯುರಿ. ಗೆದ್ದರೆ ದೊಡ್ಡ ಗಣಪತಿಗೆ ಈಡುಗಾಯಿ ಎಂದು ಹರಕೆ ಹೊರುತ್ತಾರೆ. ಸೋತರೆ ಅದೇ ಕಾಯಿ ಬೆಳಿಗ್ಗೆ ಇಡ್ಲಿಯ ಪಕ್ಕದ ಚಟ್ನಿಯಾಗುತ್ತದೆ. ಗಣಪತಿಯನ್ನು ಯಾರೂ ವಿಚಾರಿಸುವುದಿಲ್ಲ, ಗಣಪತಿಯೂ ಬೇಜಾರು ಮಾಡಿಕೊಂಡಂತಿಲ್ಲ. ಮುಂದಿನ ಪಂದ್ಯಕ್ಕೆ ಹೊಸ ಕಾಯಿ. ಲೆಕ್ಕವಿಡುವವನು ನಾಸ್ತಿಕನೊಬ್ಬನೇ. ಯಾವ ದಿನ ಯಾವ ದೇವರಿಗೆ ಏನು ಹೇಳಿಕೊಂಡರು, ಕೆಲಸ ಆಯಿತೇ, ಆಗದಿದ್ದರೆ ಕೊಟ್ಟ ಕಾರಣವೇನು ಎಂಬುದೆಲ್ಲ ಡೈರಿಯಲ್ಲಿದೆ. ದೇವರ ಮಾತನ್ನು ಅಕ್ಷರಶಃ ಗಂಭೀರವಾಗಿ ತೆಗೆದುಕೊಳ್ಳುವವನು ಆ ಮನೆಯಲ್ಲಿ ಈತ ಮಾತ್ರ ಎಂದು ಹೇಳಿದರೆ ತಪ್ಪಾಗಲಾರದು.

ಡೈರಿಯ ಹೆಮ್ಮೆಯ ಪುಟ ಏಪ್ರಿಲ್ 23ರದು. 2013ರ ಆ ದಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಪುಣೆ ವಾರಿಯರ್ಸ್ ವಿರುದ್ಧ ಕ್ರಿಸ್ ಗೇಲ್ 66 ಎಸೆತಗಳಲ್ಲಿ ಔಟಾಗದೆ 175 ಹೊಡೆದ, ಆರ್‌ಸಿಬಿ 263 ಮಾಡಿತು. 2017ರ ಅದೇ ಏಪ್ರಿಲ್ 23ರಂದು ಈಡನ್ ಗಾರ್ಡನ್ಸ್‌ನಲ್ಲಿ, ಅದೇ ಗೇಲ್, ಕೊಹ್ಲಿ, ಡಿವಿಲಿಯರ್ಸ್ ಇದ್ದ ಅದೇ ಆರ್‌ಸಿಬಿ 49ಕ್ಕೆ ಗಂಟುಮೂಟೆ ಕಟ್ಟಿತು. ಒಬ್ಬನೂ ಎರಡಂಕಿ ಮುಟ್ಟಲಿಲ್ಲ, ಕೊಹ್ಲಿ ಮೊದಲ ಚೆಂಡಿಗೇ ಸೊನ್ನೆ. ಅದೇ ತಂಡ, ಅದೇ ತಾರೀಕು, ಅದೇ ಭಕ್ತರು, ಅದೇ ದೇವರು. ಇದಕ್ಕೇನು ಹೇಳುತ್ತೀರಿ ಎಂದು ಈತ ಪಕ್ಕದ ಮನೆಯವರನ್ನು ಕೇಳಿದ. ಅವರು ಪೇಪರಿನಿಂದ ತಲೆ ಎತ್ತದೆ, ಮೊದಲನೆಯದಕ್ಕೆ ಹುಣ್ಣಿಮೆ ಹತ್ತಿರವಿತ್ತು, ಎರಡನೆಯದಕ್ಕೆ ಅಮಾವಾಸ್ಯೆ ಎಂದುಬಿಟ್ಟರು. ಬಾಯಿಗೆ ಬಂದದ್ದು ಹೇಳುತ್ತಿದ್ದಾರೆಂದು ಸಾಬೀತು ಮಾಡಲು ನಾಸ್ತಿಕ ಹಳೆಯ ಒಂಟಿಕೊಪ್ಪಲ್ ಪಂಚಾಂಗಗಳನ್ನು ಹುಡುಕಿಸಿದ. 2013ರಲ್ಲಿ ಹುಣ್ಣಿಮೆಗೆ ಎರಡು ದಿನ, 2017ರಲ್ಲಿ ಅಮಾವಾಸ್ಯೆಗೆ ಮೂರು ದಿನ. ಪಕ್ಕದ ಮನೆಯವರು ಬಾಯಿಗೆ ಬಂದದ್ದನ್ನೇ ಹೇಳಿದ್ದರು, ಆದರೆ ಅದು ಸರಿಯಾಗಿತ್ತು. ಅಂದಿನಿಂದ ಆ ಬೀದಿಯಲ್ಲಿ ಪಂದ್ಯಕ್ಕೆ ಮುಂಚೆ ಪಂಚಾಂಗ ತೆರೆಯುವವನು ಈತನೊಬ್ಬನೇ. ಖಂಡಿಸಲು ಬೇಕಾಗುತ್ತದೆ ಎನ್ನುತ್ತಾನೆ.

ಸಂಖ್ಯೆಗಳ ವಿಷಯದಲ್ಲಿ ಈತನ ಬಾಳು ಇನ್ನೂ ಕಷ್ಟದ್ದು. ಆರ್‌ಸಿಬಿ ಭಕ್ತರಿಗೆ 18 ಎಂದರೆ ಬೀಜಾಕ್ಷರ. ಕೊಹ್ಲಿಯ ಅಂಗಿ 18. 2024ರಲ್ಲಿ ಚೆನ್ನೈಯನ್ನು ಸೋಲಿಸಿ ಪ್ಲೇಆಫ್‌ಗೆ ಹೋದದ್ದು ಮೇ 18ರಂದು, ಅದಕ್ಕೆ ಬೇಕಿದ್ದ ಗೆಲುವಿನ ಅಂತರವೂ 18 ರನ್. ಕೊನೆಗೆ ಕಪ್ ಬಂದದ್ದು 18ನೇ ಐಪಿಎಲ್‌ನಲ್ಲಿ. ಕೆದಕಿದರೆ, 1983ರ ವಿಶ್ವಕಪ್‌ನಲ್ಲಿ ನಮ್ಮ ರೋಜರ್ ಬಿನ್ನಿ ಕಿತ್ತ ವಿಕೆಟ್‌ಗಳೂ 18. ಗೀತೆಗೆ ಅಧ್ಯಾಯ ಎಷ್ಟು, ಕುರುಕ್ಷೇತ್ರ ಎಷ್ಟು ದಿನ ಎಂಬ ಪ್ರಶ್ನೆ ಹಿಂದೆಯೇ ಬರುತ್ತದೆ. 2009, 2011, 2016ರ ಫೈನಲ್‌ಗಳಲ್ಲಿ ಸೋತಾಗಲೂ ಕೊಹ್ಲಿ ಅದೇ ಅಂಗಿ ಹಾಕಿದ್ದ ಎಂದು ನಾಸ್ತಿಕ ನೆನಪಿಸುತ್ತಾನೆ. ಅಂಗಿಯೊಂದಿದ್ದರೆ ಸಾಕೇ, ಕಾಲ ಕೂಡಿಬರಬೇಡವೇ ಎಂದು ಅತ್ತೆಯ ಉತ್ತರ. ಇಂಥ ಉತ್ತರಕ್ಕೆ ಸಂಖ್ಯಾಶಾಸ್ತ್ರದಲ್ಲಿ ಮದ್ದಿಲ್ಲ.

ಮೇ 18ರ ಆ ಪಂದ್ಯವನ್ನು ಈತ ಭೌತಶಾಸ್ತ್ರದಿಂದ ಬಿಡಿಸಿಟ್ಟಿದ್ದಾನೆ. ಮಳೆ ಬಂದು ನಿಂತದ್ದು ಹರಕೆಯಿಂದಲ್ಲ, ಮೈದಾನ ಬೇಗ ಒಣಗಿದ್ದು ನೆಲದಡಿಯ ಸಬ್‌ಏರ್ ಕೊಳವೆಗಳಿಂದ. (ಚಿನ್ನಸ್ವಾಮಿಯಲ್ಲಿ ಈತ ಕೈಮುಗಿಯಲು ಒಪ್ಪುವ ವಸ್ತುವೆಂದರೆ ಆ ಪಂಪು.) ಕೊನೆಯ ಓವರಿನ ಮೊದಲ ಚೆಂಡನ್ನು ಧೋನಿ ಕ್ರೀಡಾಂಗಣದ ಆಚೆಗೇ ಎತ್ತಿದ್ದರಿಂದ ತೊಯ್ದ ಚೆಂಡು ಹೋಗಿ ಒಣ ಚೆಂಡು ಬಂತು. ಯಶ್ ದಯಾಳ್‌ಗೆ ಹಿಡಿತ ಸಿಕ್ಕಿತು, ಮುಂದಿನ ಎಸೆತಕ್ಕೇ ಧೋನಿ ಔಟ್. ವಿವರಣೆ ಅಚ್ಚುಕಟ್ಟಾಗಿದೆ. ಪೂರ್ತಿ ಕೇಳಿಸಿಕೊಂಡ ಹೆಂಡತಿಯ ತಮ್ಮ, ಎಲ್ಲ ಸರಿ ಭಾವ, ಆ ಒದ್ದೆ ಚೆಂಡನ್ನ ಆಚೆ ಹಾಕಿಸಿದ್ದು ಯಾರು ಅಂತ ಮಾತ್ರ ಹೇಳಿ ಎಂದ.

ಆಸ್ತಿಕರು ಸುಮ್ಮನೆ ಏಟು ತಿನ್ನುತ್ತಾರೆ ಎಂದುಕೊಳ್ಳಬಾರದು. ಅವರ ಬತ್ತಳಿಕೆಯ ಬ್ರಹ್ಮಾಸ್ತ್ರ 1983ರ ಜೂನ್ 18ರದು (ಇದೂ 18 ಎಂಬುದನ್ನು ಅವರು ಇನ್ನೂ ಗಮನಿಸಿಲ್ಲ, ನಾಸ್ತಿಕ ಬಾಯಿಬಿಟ್ಟಿಲ್ಲ). ಇಂಗ್ಲೆಂಡಿನ ಟನ್‌ಬ್ರಿಜ್ ವೆಲ್ಸ್‌ನಲ್ಲಿ ಜಿಂಬಾಬ್ವೆ ವಿರುದ್ಧ ಭಾರತ 17ಕ್ಕೆ 5. ಅಲ್ಲಿಂದ ಕಪಿಲ್ ದೇವ್ ಔಟಾಗದೆ 175. ಅಂದು ಅಲ್ಲಿ ಟಿವಿ ಕ್ಯಾಮೆರಾ ಇರಲಿಲ್ಲ, ಆ ಇನಿಂಗ್ಸ್‌ನ ಒಂದು ಎಸೆತದ ವಿಡಿಯೊವೂ ಇಲ್ಲ. ಪವಾಡಗಳು ಕ್ಯಾಮೆರಾ ಇಲ್ಲದ ಕಡೆಯೇ ಏಕೆ ನಡೆಯುತ್ತವೆ ಎಂದು ಇಡೀ ಜನ್ಮ ಕೇಳುತ್ತ ಬಂದವನು ಈ ಒಂದನ್ನು ಮಾತ್ರ ಕಣ್ಣುಮುಚ್ಚಿ ನಂಬುತ್ತಾನೆ. ಸ್ಕೋರ್‌ಪುಸ್ತಕ ಇದೆ ಎನ್ನುತ್ತಾನೆ. ನಮ್ಮಲ್ಲೂ ಪುಸ್ತಕ ಇದೆ ಎನ್ನುತ್ತಾರೆ. ಸಾಕ್ಷಿ ಇದ್ದಾರೆ ಎನ್ನುತ್ತಾನೆ: ಇನ್ನೊಂದು ತುದಿಯಲ್ಲಿ 24 ಹೊಡೆದು ನಿಂತು, ಒಂಬತ್ತನೇ ವಿಕೆಟ್‌ಗೆ ಮುರಿಯದ 126 ರನ್ ಸೇರಿಸಿದ ಸಯ್ಯದ್ ಕಿರ್ಮಾನಿ ಬೆಂಗಳೂರಿನವರೇ. ನಮ್ಮ ಸಾಕ್ಷಿಯ ಹೆಸರು ಸಂಜಯ, ಅವನಿಗೆ ಕ್ಯಾಮೆರಾ ಬೇಕಿರಲಿಲ್ಲ ಎಂದು ಪಕ್ಕದ ಮನೆಯವರು. ಈ ಸುತ್ತು ಅವರದೇ ಎಂದು ತೀರ್ಪು ಕೊಡಬೇಕಾಗುತ್ತದೆ.

ಅನಿಲ್ ಕುಂಬ್ಳೆ ಈತನ ಆರಾಧ್ಯದೈವ, ಆ ಪದವನ್ನು ಈತ ಬಳಸುವುದಿಲ್ಲ ಅಷ್ಟೆ. ಮೆಕ್ಯಾನಿಕಲ್ ಎಂಜಿನಿಯರ್, ಚೆಂಡು ತಿರುಗದಿದ್ದರೂ ಪುಟಿತದಿಂದ ಕೆಲಸ ಸಾಧಿಸುವವ, ವೈಚಾರಿಕ ಬೌಲರ್. ಆದರೆ 1999ರ ಫೆಬ್ರವರಿ 7ರಂದು ದೆಹಲಿಯ ಕೋಟ್ಲಾದಲ್ಲಿ ಕುಂಬ್ಳೆ ಪಾಕಿಸ್ತಾನದ ಹತ್ತೂ ವಿಕೆಟ್ ಕಿತ್ತ ದಿನ, ಓವರ್ ಓವರಿಗೂ ಅವರ ಟೋಪಿ, ಸ್ವೆಟರ್ ತೆಗೆದು ಅಂಪೈರ್ ಕೈಗೆ ಕೊಟ್ಟದ್ದು ಸಚಿನ್, ಅದೂ ಅದೃಷ್ಟ ಕೆಡಬಾರದೆಂದು. ಡೈರಿಯಲ್ಲಿ ಈ ಬಗ್ಗೆ ನಮೂದಿಲ್ಲ.

ಈತನ ವಿರುದ್ಧ ಇರುವ ದೊಡ್ಡ ಆರೋಪ, ಪಂದ್ಯ ಬಿಗಿಯಾದಾಗ ಕುರ್ಚಿ ಬಿಟ್ಟು ಅಲ್ಲಾಡುವುದಿಲ್ಲ, ಒಳಗೊಳಗೇ ಶಕುನ ನಂಬುತ್ತಾನೆ ಎಂಬುದು. ಪರಿಶೀಲಿಸಿದರೆ ಇದು ಸುಳ್ಳು. ಮೊಬೈಲ್ ಚಾರ್ಜರಿನ ಸಾಕೆಟ್ ಆ ಕುರ್ಚಿಯ ಹಿಂದೆ ಮಾತ್ರ ಇದೆ.

ಶಕುನ ನಂಬದವನೇ ಶಕುನವಾಗಿಬಿಟ್ಟಿರುವುದು ನಿಜವಾದ ಸಂಗತಿ. ಈತ ಹಾಲ್‌ಗೆ ಕಾಲಿಟ್ಟರೆ ವಿಕೆಟ್ ಬೀಳುತ್ತದೆ ಎಂದು ಮನೆಯವರು ಎಂದೋ ತೀರ್ಮಾನಿಸಿದ್ದಾರೆ. ನಮ್ಮವರು ಆಡುತ್ತಿರುವಾಗ ಸ್ನಾನಕ್ಕೆ, ಹಾಲು ತರಲು, ತಾರಸಿಯ ಬಟ್ಟೆ ತರಲು ಕಳಿಸುತ್ತಾರೆ. ಎದುರಾಳಿಗಳ ಜೊತೆಯಾಟ ಮುರಿಯದೆ ಬೆಳೆಯುತ್ತಿದ್ದರೆ, ಬನ್ರೀ ಒಂದು ನಿಮಿಷ, ನಿಂತು ಹೋಗಿ ಸಾಕು ಎಂದು ಅಡುಗೆಮನೆಯಿಂದ ಕರೆಯುತ್ತಾರೆ. ಈತ ಬರುತ್ತಾನೆ, ಪ್ರಯೋಗಕ್ಕೆ ಸಹಕರಿಸದಿದ್ದರೆ ವೈಜ್ಞಾನಿಕ ಮನೋಭಾವ ಎನಿಸುವುದಿಲ್ಲವಲ್ಲ. ಬಿದ್ದರೆ, ಮಾದರಿ ಚಿಕ್ಕದು ಎಂದು ವಿವರಿಸಲು ಹೊರಡುತ್ತಾನೆ. ಬೀಳದಿದ್ದರೆ ಎಡಗಾಲಿಟ್ಟು ಬಂದಿರಾ ಎಂದು ಕೇಳುತ್ತಾರೆ. ಕಾಲ್ಗುಣದ ಸಿದ್ಧಾಂತವನ್ನು ಮೂವತ್ತು ವರ್ಷ ಖಂಡಿಸಿದವನ ಕಾಲಿಗೆ ಆ ಮನೆಯಲ್ಲಿ ಇಷ್ಟು ಬೆಲೆ.

2023ರ ನವೆಂಬರ್ 19ರ ಅಹಮದಾಬಾದ್ ವಿಶ್ವಕಪ್ ಫೈನಲ್‌ಗೆ ದೇಶದ ಊರೂರಲ್ಲಿ ಹೋಮ, ಪೂಜೆ ನಡೆದವು. ಆಸ್ಟ್ರೇಲಿಯಾ ಆರು ವಿಕೆಟ್‌ಗಳಿಂದ ಗೆದ್ದಿತು. ಇಡೀ ಜೀವಮಾನದಲ್ಲಿ ಈತನಿಗೆ ಇಷ್ಟು ದೊಡ್ಡ ಪುರಾವೆ ಸಿಕ್ಕಿರಲಿಲ್ಲ. ಆ ರಾತ್ರಿ ಡೈರಿ ತೆರೆಯಲಿಲ್ಲ, ಊಟವೂ ಸೇರಲಿಲ್ಲ. ಪಕ್ಕದ ಮನೆಯವರು ಬಂದು ದೇವರನ್ನು ಬಾಯಿಗೆ ಬಂದಂತೆ ಬೈದರು. ಇಲ್ಲದವನನ್ನು ಬೈದು ಏನು ಪ್ರಯೋಜನ ಎಂದು ಈತ ಸಮಾಧಾನ ಹೇಳಿದ.

2025ರ ಜೂನ್ 3ರ ಐಪಿಎಲ್ ಫೈನಲ್ ಬೇರೆ ಬಗೆಯದು. ಕೊನೆಯ ಓವರಿನಲ್ಲಿ ಪಂಜಾಬ್‌ಗೆ 29 ಬೇಕು, ಬೌಲರ್ ಹೇಜಲ್‌ವುಡ್. ಮೊದಲೆರಡು ಎಸೆತಕ್ಕೆ ರನ್ ಇಲ್ಲ. ಉಳಿದದ್ದು ನಾಲ್ಕು ಎಸೆತ. ನೋಬಾಲ್, ವೈಡ್ ಆಗದಿದ್ದರೆ ನಾಲ್ಕಾರ್ಲಿ ಇಪ್ಪತ್ತನಾಲ್ಕು, ಇನ್ನು ಗಣಿತದ ಪ್ರಕಾರ ಮುಗಿಯಿತು ಎಂದು ನಾಸ್ತಿಕ ಗಟ್ಟಿಯಾಗಿ ಘೋಷಿಸಿದ. ಮೈದಾನದಲ್ಲಿ ಕೊಹ್ಲಿಗೂ ಅದೇ ಲೆಕ್ಕ ಸಿಕ್ಕಿತ್ತು, ಕಣ್ಣಲ್ಲಿ ನೀರಾಡುತ್ತಿತ್ತು. ಹಾಲ್‌ನಲ್ಲಿದ್ದವರು ಮಾತ್ರ, ಬಾಯಿ ಮುಚ್ಚಿ, ಕರಿನಾಲಿಗೆ ಎಂದು ಕಿರುಚಿದರು. ಶಶಾಂಕ್ ಸಿಂಗ್ ಮುಂದಿನ ನಾಲ್ಕು ಎಸೆತಗಳಿಗೆ 6, 4, 6, 6 ಹೊಡೆದ. ಆರ್‌ಸಿಬಿ 6 ರನ್‌ಗಳಿಂದ ಗೆದ್ದರೂ ಆ 22 ರನ್ ಇಂದಿಗೂ ಆ ಮನೆಯಲ್ಲಿ ಈತನ ನಾಲಿಗೆಯ ಖಾತೆಯಲ್ಲೇ ಇದೆ. 2009ರ ಫೈನಲ್‌ನಲ್ಲಿ ಡೆಕ್ಕನ್ ಚಾರ್ಜರ್ಸ್‌ಗೆ ಸೋತದ್ದೂ 6 ರನ್‌ಗಳಿಂದಲೇ. ಹದಿನಾರು ವರ್ಷದ ಮೇಲೆ ದೇವರು ಆ 6 ರನ್ ವಾಪಸ್ ಕೊಟ್ಟ ಎಂದರು ಪಕ್ಕದ ಮನೆಯವರು. ಬಡ್ಡಿ ಎಲ್ಲಿ ಎಂದು ಮಾಜಿ ಬ್ಯಾಂಕಿನವ ಕೇಳಿದ. ಮರುದಿನ ಚಿನ್ನಸ್ವಾಮಿಯ ಗೇಟುಗಳ ಬಳಿ ಕಾಲ್ತುಳಿತದಲ್ಲಿ 11 ಜನ ಸತ್ತಾಗ ಆ ಹಾಲ್‌ನಲ್ಲಿ ದೇವರ ಮಾತು ಏಳಲಿಲ್ಲ. ಗೇಟು, ಜನಜಂಗುಳಿ, ಬಂದೋಬಸ್ತುಗಳ ಬಗ್ಗೆ ಎರಡೂ ಕಡೆಯವರು ಒಂದೇ ದನಿಯಲ್ಲಿ ಮಾತಾಡಿದರು.

ಇತರ ಕ್ರೀಡೆಗಳಲ್ಲಿ ಈತನ ಓಡಾಟ ಕಡಿಮೆ. ಕುಸ್ತಿಯಲ್ಲಿ ವಾದಕ್ಕೆ ಆಸ್ಪದವೇ ಇಲ್ಲ, ಗರಡಿಮನೆಯಿಂದ ಬಂದ ಇಬ್ಬರೂ ಆಂಜನೇಯನ ಭಕ್ತರು, ಯಾರು ಚಿತ್ತಾದರೂ ಗೆದ್ದದ್ದು ಆಂಜನೇಯನೇ. ಕಂಬಳದ ಕೊನೆಗೆರೆಗೆ ಲೇಸರ್ ಬಂದದ್ದನ್ನು ಮೆಚ್ಚುತ್ತಾನೆ, ಆದರೆ ಕರಾವಳಿಯ ನಾಸ್ತಿಕ ದೈವದ ಬಗ್ಗೆ ಗಟ್ಟಿಯಾಗಿ ಮಾತಾಡುವುದು ಘಟ್ಟ ಹತ್ತಿದ ಮೇಲೆಯೇ. ಫುಟ್‌ಬಾಲಿನಲ್ಲಿ 1986ರ ಜೂನ್ 22ರ ಮರಡೋನಾ ಗೋಲು ಈತನಿಗೆ ಪ್ರಾಣ: ದೇವರ ಕೈ ಸ್ಪಷ್ಟವಾಗಿ ಕ್ಯಾಮೆರಾಕ್ಕೆ ಸಿಕ್ಕಿದ್ದು ಅದೊಂದೇ ಸಲ, ಅದೂ ಫೌಲ್ ಆಗಿತ್ತು. ಆದರೆ ಅಭಿಮಾನಿಗಳು 1998ರಲ್ಲಿ ರೊಸಾರಿಯೊದಲ್ಲಿ ಮರಡೋನಾ ಹೆಸರಿನ ಮತವನ್ನೇ ಕಟ್ಟಿಕೊಂಡರೆಂದು ತಿಳಿದ ಮೇಲೆ ಆ ಉದಾಹರಣೆಯನ್ನು ಹುಷಾರಾಗಿ ಬಳಸುತ್ತಾನೆ.

ಈ ಎಲ್ಲದರಿಂದ ಬೇಸತ್ತಾಗ ಈತ ಆಶ್ರಯ ಪಡೆಯುವುದು ಚೆಸ್‌ನಲ್ಲಿ. ಅಲ್ಲಿ ಟಾಸ್ ಇಲ್ಲ, ಮಳೆ ಇಲ್ಲ, ಇಬ್ಬನಿ ಇಲ್ಲ, ಅಂಪೈರ್ಸ್ ಕಾಲ್ ಇಲ್ಲ. ದೇವರು ಕೈಹಾಕಬೇಕೆಂದರೂ ಸಂದಿ ಇಲ್ಲ. 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ಡಿಂಗ್ ಲಿರೆನ್‌ರನ್ನು ಸೋಲಿಸಿ ಗುಕೇಶ್ ವಿಶ್ವ ಚಾಂಪಿಯನ್ ಆದಾಗ ಹಣೆಯ ಮೇಲೆ ವಿಭೂತಿ ಇತ್ತು. ಈತ ರಾತ್ರಿಯೆಲ್ಲ ಕೂತು ವಿಭೂತಿಗೆ ತಕ್ಕ ಉತ್ತರ ಸಿದ್ಧಮಾಡಿಕೊಂಡ. ಕುದುರೆ ಹೇಗೆ ನಡೆಯುತ್ತದೆಂದೂ ತಿಳಿಯದ ಪಕ್ಕದ ಮನೆಯವರು ಬೆಳಿಗ್ಗೆ ಪೇಪರ್ ಹಿಡಿದುಕೊಂಡು ಬಂದರು. ವಿಭೂತಿಯ ಮಾತೇ ಎತ್ತಲಿಲ್ಲ. ಹುಡುಗನ ವಯಸ್ಸು 18, ಅವನು 18ನೇ ವಿಶ್ವ ಚಾಂಪಿಯನ್ ಎಂದಷ್ಟೇ ಓದಿ ಹೇಳಿ, ಕಾಫಿ ಕೇಳಿದರು.